ಆರ್‌ಎಫ್‌ಐಡಿ ಟ್ಯಾಗ್

ರೇಡಿಯೊ ಅಲೆಗಳ ಮೂಲಕ ವಸ್ತು, ವಾಹನ ಅಥವಾ ಪ್ರಾಣಿಯ ಗುರುತನ್ನು ದೂರದಿಂದಲೇ ತಿಳಿಸುವ ಸಾಧನ. ಸಣ್ಣ ಚಿಪ್ ಮತ್ತು ಆಂಟೆನಾ ಇದರ ಮುಖ್ಯ ಭಾಗಗಳು. ನಿಷ್ಕ್ರಿಯ ಟ್ಯಾಗ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಟ್ಯಾಗ್ ಓದುವ ಸಾಧನವಾದ ರೀಡರ್ ಹೊಮ್ಮಿಸುವ ಅಲೆಗಳಿಂದಲೇ ಶಕ್ತಿ ಪಡೆದು, ತನ್ನೊಳಗಿನ ಸಂಖ್ಯೆಯನ್ನು ರೀಡರ್‌ಗೆ ತಲುಪಿಸುತ್ತದೆ. ಸಕ್ರಿಯ ಟ್ಯಾಗ್ ಬ್ಯಾಟರಿಯ ಬಲದಿಂದ ಇನ್ನೂ ದೂರಕ್ಕೆ ಸಂಕೇತ ಕಳಿಸುತ್ತದೆ. ಬಾರ್‌ಕೋಡ್ ರೀಡರ್‌ನ ನೇರ ದೃಷ್ಟಿಯಲ್ಲಿರಬೇಕು, ಆರ್‌ಎಫ್‌ಐಡಿ ಟ್ಯಾಗ್ ಹಾಗಿರಬೇಕಿಲ್ಲ. ಹಲವು ಟ್ಯಾಗ್‌ಗಳನ್ನು ಒಟ್ಟಿಗೇ ಓದಬಹುದು. ಆದರೆ ಲೋಹ ಮತ್ತು ನೀರು ಅಲೆಗಳಿಗೆ ಅಡ್ಡಿಯಾಗುತ್ತವೆ.

ಬಳಕೆ ಆವರ್ತನವನ್ನು ಅವಲಂಬಿಸಿದೆ. ಪ್ರಾಣಿಗಳ ಚರ್ಮದಡಿ ಇರಿಸುವ ಟ್ಯಾಗ್‌ಗಳಿಗೆ 134.2 ಕಿಲೋಹರ್ಟ್ಸ್, ಗ್ರಂಥಾಲಯದ ಪುಸ್ತಕ ಹಾಗೂ ಮೆಟ್ರೊ ಕಾರ್ಡ್‌ಗಳಿಗೆ 13.56 ಮೆಗಾಹರ್ಟ್ಸ್ ರೂಢಿಯಲ್ಲಿವೆ. ಗೋದಾಮಿನ ಸರಕು, ವಾಹನಗಳ ಟೋಲ್ ಪಾವತಿಯ ಫಾಸ್ಟ್ಯಾಗ್‌ಗಳಿಗೆ ಅತ್ಯುಚ್ಚ ಆವರ್ತನ ಬೇಕು. ಭಾರತದ ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಲ್ಲಿ 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು.