ಖ್ಯಾತಿಯ ಅಳತೆಗೋಲು: ಪ್ಯಾಂಥಿಯಾನ್ ಸೂಚ್ಯಂಕದಲ್ಲಿ ವಯಸ್ಸು ಮತ್ತು ಭಾಷೆ

ಒಬ್ಬರ ಹೆಸರು ಲೋಕದಲ್ಲಿ ಎಷ್ಟು ದೂರ ಹಬ್ಬಿದೆ ಎಂದು ಅಳೆಯಲು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನ ಆಮಿ ಯೂ, ಸೆಸಾರ್ ಹಿಡಾಲ್ಗೊ ಮತ್ತು ಸಂಗಡಿಗರು ವಿಕಿಪೀಡಿಯದ ಜೀವನಚರಿತ್ರೆಗಳನ್ನು ಆಧಾರವಾಗಿ ಇಟ್ಟುಕೊಂಡರು. 2016ರಲ್ಲಿ ‘ಸೈಂಟಿಫಿಕ್ ಡೇಟಾ’ ಪತ್ರಿಕೆಯಲ್ಲಿ ಪ್ರಕಟವಾದ ಅವರ ‘ಪ್ಯಾಂಥಿಯಾನ್ 1.0’ ದತ್ತಾಂಶದಲ್ಲಿ, 25ಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪುಟವಿರುವ 11,341 ಜನರಿದ್ದಾರೆ. ಇವರಿಗೆ ಕ್ರಮಾಂಕ ಕೊಡುವ ಜನಪ್ರಿಯತಾ ಸೂಚ್ಯಂಕದ ಮೊದಲ ಸ್ಥಾನ ಅರಿಸ್ಟಾಟಲನಿಗೆ, ಎರಡನೆಯದು ಪ್ಲೇಟೊಗೆ.

ಸೂಚ್ಯಂಕದಲ್ಲಿ ಐದು ಅಂಶಗಳಿವೆ: ಪುಟವಿರುವ ಭಾಷೆಗಳ ಸಂಖ್ಯೆ, ಓದು ಆ ಭಾಷೆಗಳಲ್ಲಿ ಹಂಚಿಹೋಗಿರುವ ರೀತಿ, ಹುಟ್ಟಿ ಕಳೆದ ವರ್ಷಗಳು, ಇಂಗ್ಲಿಷೇತರ ಭಾಷೆಗಳ ಪುಟವೀಕ್ಷಣೆ, ಮತ್ತು ಓದಿನ ಏರಿಳಿತ. ಕೊನೆಯದನ್ನು ಕಳೆಯುತ್ತಾರೆ, ಸಾವಿನ ಸುದ್ದಿ ಬಂದ ವಾರದ ನೂಕುನುಗ್ಗಲು ಖ್ಯಾತಿಯಲ್ಲ ಎಂಬುದು ತರ್ಕ. ಮೊದಲ ಅಂಶ ಒರಟು. ಕನ್ನಡ ವಿಕಿಪೀಡಿಯದ ಎರಡು ಸಾಲಿನ ಪುಟಕ್ಕೂ ಜರ್ಮನ್ನಿನ ಇಪ್ಪತ್ತು ಪುಟಗಳ ಪ್ರಬಂಧಕ್ಕೂ ಅದರಲ್ಲಿ ಒಂದೇ ಅಂಕ. ಎರಡನೆಯದು ಸೂಕ್ಷ್ಮ. ಹತ್ತು ಭಾಷೆಗಳಲ್ಲಿ ಪುಟವಿದ್ದೂ ಶೇ. 90 ಓದು ಒಂದೇ ಭಾಷೆಯಲ್ಲಿ ನಡೆದು, ಉಳಿದದ್ದು ಒಂಬತ್ತರಲ್ಲಿ ಸಮನಾಗಿ ಹಂಚಿಹೋಗಿದ್ದರೆ, ಹಂಚಿಕೆ ಎಷ್ಟು ಸಮ ಎಂದು ಅಳೆಯುವ ಎಂಟ್ರಪಿಯ ಲೆಕ್ಕದಲ್ಲಿ ಆ ಹತ್ತು ಭಾಷೆಗಳ ತೂಕ ಸುಮಾರು 1.7 ಮಾತ್ರ.

ವಯಸ್ಸಿನ ಅಂಶವನ್ನು ನಾನು ಅಳತೆ ಎನ್ನಲಾರೆ, ಅದು ಅಭಿಪ್ರಾಯ. ಎಪ್ಪತ್ತು ವರ್ಷ ತುಂಬದವರಿಗೆ ಕೊರತೆಯ ಪ್ರತಿ ಏಳು ವರ್ಷಕ್ಕೆ ಒಂದು ಅಂಕ ಖೋತಾ. ಮೂವತ್ತರ ಆಟಗಾರನೊಬ್ಬ ಕಳೆದುಕೊಳ್ಳುವುದು 5.7 ಅಂಕ. ಸೂತ್ರ ಲಾಗರಿದಮ್ಮಿನದ್ದಾದ್ದರಿಂದ, ಇದೊಂದನ್ನೇ ಸರಿದೂಗಿಸಲು ಅವನ ಪುಟ ಸುಮಾರು 300 ಪಟ್ಟು ಹೆಚ್ಚು ಓದಿಸಿಕೊಳ್ಳಬೇಕು! ಕಾಲ ಜರಡಿ ಹಿಡಿಯುತ್ತದೆ ಎಂಬ ನಂಬಿಕೆ ತಪ್ಪೆಂದಲ್ಲ. ಆದರೆ ಆ ನಂಬಿಕೆಯನ್ನು ಸೂತ್ರದಲ್ಲೇ ಇಟ್ಟ ಮೇಲೆ, ಪ್ರಾಚೀನರೇ ಮೇಲೆ ಬಂದರೆಂದು ಬೆರಗಾಗುವುದರಲ್ಲಿ ಅರ್ಥವಿಲ್ಲ.

ನಮಗೆ ಹೆಚ್ಚು ತಟ್ಟಬೇಕಾದದ್ದು ನಾಲ್ಕನೆಯ ಅಂಶ. ಇಂಗ್ಲಿಷಿನ ಮೇಲುಗೈ ತಗ್ಗಿಸಲೆಂದೇ ಇಂಗ್ಲಿಷ್ ವೀಕ್ಷಣೆಯನ್ನು ಇಲ್ಲಿ ಕೈಬಿಟ್ಟಿದ್ದಾರೆ. ಉದ್ದೇಶ ಒಳ್ಳೆಯದೇ. ಫ್ರಾನ್ಸಿನ ಓದುಗ ಫ್ರೆಂಚಿನಲ್ಲೇ ಓದುತ್ತಾನೆ, ಅವನ ಓದು ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ಧಾರವಾಡದ ವಿದ್ಯಾರ್ಥಿನಿ ಗಾಂಧೀಜಿಯ ಬಗ್ಗೆ ಇಂಗ್ಲಿಷ್ ಪುಟ ಓದಿದರೆ ಈ ಅಂಶಕ್ಕೆ ಏನೂ ಸೇರದು. ಸಾಲದ್ದಕ್ಕೆ, ಇಂಗ್ಲಿಷಿನ ಪಾಲು ಮೊದಲೇ ದೊಡ್ಡದಿದ್ದಲ್ಲಿ ಅವಳ ಓದು ಎರಡನೆಯ ಅಂಶವನ್ನೂ ತುಸು ಕುಗ್ಗಿಸುತ್ತದೆ. ಹೀಗೆ ಪಕ್ಷಪಾತ ನಿವಾರಣೆಯ ಹೆಸರಿನಲ್ಲಿ ಕಣ್ಮರೆಯಾಗುವವರಲ್ಲಿ ಎರಡು ಭಾಷೆ ಬಲ್ಲ ಭಾರತೀಯ ಓದುಗರಿದ್ದಾರೆ. ಅವರು ಯಾವ ಭಾಷೆಯವರೆಂದು ಪುಟವೀಕ್ಷಣೆಯ ಎಣಿಕೆ ಹೇಳುವುದಿಲ್ಲ.

ಪತ್ರಿಕೆಗಳಲ್ಲೂ ಭಾಷಣಗಳಲ್ಲೂ ಇಂಥ ಪಟ್ಟಿಯ ಕ್ರಮಾಂಕವನ್ನು ಉದ್ಧರಿಸುವವರಲ್ಲಿ ಒಂದು ಕೋರಿಕೆ: ಕ್ರಮಾಂಕದ ಪಕ್ಕದಲ್ಲಿ ಐದೂ ಅಂಶಗಳನ್ನು ಬಿಡಿಬಿಡಿಯಾಗಿ ಕೊಡಿ.