ನೀರಿನ ಮೇಲೊಂದು ನೀರು

ನಮ್ಮ ಹಿತ್ತಲಿನ ಹೌದಿಗೆ ಮೀನು ಬಂದದ್ದು 2019ರ ಆಗಸ್ಟಿನ ಮಹಾಪೂರದಲ್ಲಿ. ನಮ್ಮದು ಕಾಗವಾಡ ತಾಲೂಕಿನ ಕೃಷ್ಣೆಯ ದಂಡೆಯ ಊರು. ಚಿಕ್ಕೋಡಿ, ರಾಯಬಾಗ, ಅಥಣಿ, ನಿಪ್ಪಾಣಿ ಭಾಗದ ಎಷ್ಟೋ ಹೊಳೆದಂಡೆಯ ಊರುಗಳಂತೆ ನಾವೂ ಗಂಟುಮೂಟೆ ಕಟ್ಟಿ ಎತ್ತರದ ಜಾಗಕ್ಕೆ ಹೋಗಿದ್ದೆವು. ನೀರಿಳಿದ ಮೇಲೆ ಬಂದು ನೋಡಿದರೆ ಹಿತ್ತಲ ಗೋಡೆ ಇರಲಿಲ್ಲ. ಅಪ್ಪನ ಮೋಟರು ಕೆಸರಿನಲ್ಲಿ ಹೂತಿತ್ತು. ಹೌದಿನಲ್ಲಿ ಮಾತ್ರ ಬೆರಳುದ್ದದ ಮೀನುಗಳು ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿದ್ದವು.

‘ಹೊಳಿ ಮನಿತನಕ ಬಂದು ಎಲ್ಲಾ ಬಳಕೊಂಡ ಹೋಗೇತಿ. ಅದರ ಮೀನಾ ಯಾಕ ಇಟಕೊಂಡ ಕುಂತೀರಿ?’ ಎಂದಳು ಅವ್ವ. ಅಂದಿನಿಂದ ಅವಳು ಹೌದಿನ ಕಡೆ ಹೋಗುವುದನ್ನೇ ಬಿಟ್ಟಳು.

ಈ ಬೇಸಿಗೆ ರಜೆಗೆ ಬಂದ ತಂಗಿಯ ಮಗಳು ಒಂದು ಹಟ ಹಿಡಿದಳು. ಅಟ್ಟದ ಮೇಲಿದ್ದ ಹಳೆಯ ಗಾಜಿನ ಮೀನಿನ ಪೆಟ್ಟಿಗೆಯನ್ನು ಹೌದಿನಲ್ಲಿ ಬೋರಲು ನಿಲ್ಲಿಸಬೇಕು, ಅದರ ತುಂಬ ನೀರಿರಬೇಕು, ಮೀನು ನೀರಿನ ಮಟ್ಟ ದಾಟಿ ಮೇಲೆ ಬಂದು ನಮ್ಮನ್ನು ನೋಡಬೇಕು. ಪೆಟ್ಟಿಗೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ಹೌದಿನ ನಾಲ್ಕು ಕಡೆ ಸಿಮೆಂಟ್ ಇಟ್ಟಿಗೆ ಪೇರಿಸಿ, ಪೆಟ್ಟಿಗೆಯನ್ನು ನೀರಲ್ಲಿ ಪೂರ್ತಿ ಮುಳುಗಿಸಿ, ಒಳಗಿನ ಗಾಳಿಯನ್ನೆಲ್ಲ ಬಿಟ್ಟು, ಬೋರಲು ಮಾಡಿ ಮೆಲ್ಲಗೆ ಎತ್ತಿದೆವು. ಬಾಯಿಯ ಅಂಚು ಎರಡು ಇಂಚು ನೀರೊಳಗೇ ಉಳಿಯುವಂತೆ ಇಟ್ಟಿಗೆಯ ಮೇಲೆ ಕೂರಿಸಿದೆವು. ಹತ್ತು ಇಂಚು ನೀರು ಹೌದಿನ ಮಟ್ಟದ ಮೇಲೆ ಗಾಜಿನೊಳಗೆ ನಿಂತುಕೊಂಡಿತು. ಸುಮಾರು 45 ಲೀಟರು. ಅಷ್ಟರ ಭಾರವೂ ಇಟ್ಟಿಗೆಗಳ ಮೇಲೆಯೇ ಬೀಳುತ್ತದೆ, ಆದ್ದರಿಂದ ಅವು ಅಲುಗಾಡುವಂತಿಲ್ಲ.

‘ಮಾಮಾ, ಇದು ಯಾಕ ಕೆಳಗ ಬೀಳವಲ್ದು?’

ಕೋಳಿ ಫಾರಂಗಳಲ್ಲಿ ಬೋರಲಾಗಿಟ್ಟ ನೀರಿನ ಡಬ್ಬಿ ಕೂಡ ಇದೇ ಕಾರಣಕ್ಕೆ ಒಮ್ಮೆಲೇ ಖಾಲಿಯಾಗುವುದಿಲ್ಲ. ಹೌದಿನ ನೀರನ್ನು ಹೊರಗಿನ ಗಾಳಿ ಸದಾ ಒತ್ತುತ್ತಿರುತ್ತದೆ. ಆ ಒತ್ತಡವೇ ಒಳಗಿನ ನೀರನ್ನು ಎತ್ತಿ ಹಿಡಿಯುತ್ತದೆ. ಆದರೆ ಮನುಷ್ಯನಿಗೆ ಇದು ತಿಳಿದದ್ದು ಮೀನಿನಿಂದಲ್ಲ, ನೀರೆತ್ತುವ ಕಷ್ಟದಿಂದ. ಎಳೆಯುವ ಪಂಪು ಒಂದು ಮಟ್ಟದಾಚೆ ನೀರನ್ನು ಏರಿಸದು ಎಂಬ ಸಂಗತಿಯನ್ನು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಚರ್ಚಿಸಿದ. ಅವನ ಶಿಷ್ಯ ಟೊರಿಚೆಲ್ಲಿ ನೀರಿನ ಬದಲು ಪಾದರಸ ತುಂಬಿದ ನಳಿಗೆಯನ್ನು ಬೋರಲು ಹಾಕಿ ನೋಡಿದರೆ, ಪಾದರಸ ಸುಮಾರು 76 ಸೆಂಟಿಮೀಟರಿಗೆ ನಿಂತಿತು. ನಾವೆಲ್ಲ ಗಾಳಿಯ ಸಮುದ್ರದ ತಳದಲ್ಲಿ ಬದುಕುವವರು ಎಂದು ಅವನು 1644ರಲ್ಲಿ ಗೆಳೆಯನಿಗೆ ಬರೆದ. 1648ರಲ್ಲಿ ಪಾಸ್ಕಲ್ ತನ್ನ ಭಾವನಿಂದ ಬೆಟ್ಟದ ಮೇಲೆ ಅದೇ ಪ್ರಯೋಗ ಮಾಡಿಸಿದಾಗ, ಮೇಲೇರಿದಂತೆ ಪಾದರಸ ಇಳಿಯಿತು. ನೀರಿನ ಲೆಕ್ಕದಲ್ಲಿ ಈ ಮಿತಿ ಸಮುದ್ರ ಮಟ್ಟದಲ್ಲಿ 10.3 ಮೀಟರ್. ನಮ್ಮ ಹತ್ತು ಇಂಚು ಅದರ ಮುಂದೆ ಏನೂ ಅಲ್ಲ.

ಅಪ್ಪ ಈ ಯಾರ ಹೆಸರನ್ನೂ ಕೇಳಿದವನಲ್ಲ. ‘ಇಪ್ಪತ್ತೈದ್ ಫೂಟ್ ದಾಟಿದ್ರ ಮೋಟರ್ ನೀರ್ ಎಳ್ಯಾಂಗಿಲ್ಲ, ಅದು ನೀರಿನ ಸನೇಕ ಇರಬೇಕು’ ಎನ್ನುತ್ತಿದ್ದ. ಹಾಗಾಗಿಯೇ ನಮ್ಮ ಕಡೆ ಹೊಳೆಯ ಮೋಟರುಗಳು ದಡದ ಇಳಿಜಾರಿನಲ್ಲಿ, ನೀರಿಗೆ ಅಂಟಿಕೊಂಡಂತೆ ಕೂತಿರುತ್ತವೆ. ಮಳೆಗಾಲದಲ್ಲಿ ಹೊಳೆ ಏರಿದಂತೆ ಅವನ್ನು ಬಿಚ್ಚಿ ಮೇಲೆ ಸಾಗಿಸಬೇಕು. 2019ರಲ್ಲಿ ಹೊಳೆ ನಮಗಿಂತ ಜೋರಾಗಿ ಏರಿತು. ಟೊರಿಚೆಲ್ಲಿಯ ನಳಿಗೆಯಲ್ಲಿ ಕಂಡ ಮಿತಿಯೇ ಅಪ್ಪನ ಮೋಟರನ್ನು ಹೊಳೆಯ ಬಾಯಿಗೆ ಇಟ್ಟಿತ್ತು ಎಂಬುದು ನನಗೆ ಹೊಳೆದದ್ದು ಈ ಗಾಜಿನ ಮುಂದೆ ಕೂತಾಗ.

ಮೀನು ನೋಡುವ ಆಸೆಗೂ ತನ್ನದೇ ಚರಿತ್ರೆಯಿದೆ. ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಅಧ್ಯಾಯವಿದೆ. ಮೀನಿನ ಬಗೆಗಳು, ಅವಕ್ಕೆ ಹಾಕುವ ಆಹಾರ, ಗಾಳ, ಎಲ್ಲವೂ ಅಲ್ಲಿವೆ. ಆದರೆ ಅರಸನ ವಿನೋದ ಮೀನನ್ನು ಗಾಳದಿಂದ ಮೇಲೆಳೆಯುವುದು. ಬದುಕಿದ ಮೀನನ್ನು ಗಾಜಿನ ಹಿಂದೆ ನೋಡುವ ರೂಢಿ ಬಹಳ ಈಚಿನದು. 1832ರ ಸುಮಾರಿಗೆ ಸಿಸಿಲಿಯಲ್ಲಿ ಜೀನ್ ವಿಲ್‌ಪ್ರೂ-ಪವರ್ ಎಂಬ ಹೆಣ್ಣುಮಗಳು ಕಡಲಜೀವಿಗಳ ಅಧ್ಯಯನಕ್ಕಾಗಿ ಗಾಜಿನ ತೊಟ್ಟಿ ಮಾಡಿಸಿಕೊಂಡಳು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯ ಜನರಿಗಾಗಿ ಮತ್ಸ್ಯಾಲಯ ತೆರೆಯಿತು. ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯ ಆರಂಭವಾದದ್ದು 1951ರಲ್ಲಿ. ಆಗ ನಮ್ಮ ಈ ತಾಲೂಕುಗಳೂ ಮುಂಬಯಿ ರಾಜ್ಯದಲ್ಲೇ ಇದ್ದವು. 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಸೇರಿದವು.

ಗಾಳದಲ್ಲಿಯೂ ಮತ್ಸ್ಯಾಲಯದಲ್ಲಿಯೂ ಮೀನನ್ನು ತರುವವರು ನಾವು. ಈ ಬೋರಲು ಪೆಟ್ಟಿಗೆಗೆ ಕೆಳಗೆ ಬಾಯಿ ತೆರೆದೇ ಇದೆ. ಬರುವುದು, ಬಿಡುವುದು ಮೀನಿಗೆ ಬಿಟ್ಟದ್ದು. ಮೊದಲ ಎರಡು ದಿನ ಒಂದೂ ಬರಲಿಲ್ಲ. ಬಿಸಿಲಿಗೆ ಗಾಜಿನ ನೀರು ಕಾದು, ಕರಗಿದ ಗಾಳಿ ಗುಳ್ಳೆಗಳಾಗಿ ಮೇಲೆ ಸೇರಿ, ಒಳಗಿನ ಮಟ್ಟ ಇಳಿಯತೊಡಗಿತು. ಸಣ್ಣ ಪೈಪು ತೂರಿಸಿ ಆ ಗಾಳಿಯನ್ನು ಬಾಯಿಂದ ಎಳೆದು ತೆಗೆದೆವು. ಮೇಲೊಂದು ಗೋಣಿತಟ್ಟಿನ ನೆರಳು ಕಟ್ಟಿದೆವು. ಹೌದಿನ ನೀರು ಅಂಚಿಗಿಂತ ಕೆಳಗಿಳಿದರೆ ಗಾಳಿ ನುಗ್ಗಿ ಗಾಜಿನೊಳಗಿನ ನೀರು ಇಳಿಯುತ್ತದೆ. ಅದಕ್ಕೇ ದಿನಾ ಸಂಜೆ ನಾಲ್ಕು ಕೊಡ ನೀರು ಹಾಕುವ ಕೆಲಸ ಹುಡುಗಿಯದು.

ರಜೆ ಮುಗಿದು ಅವಳು ಹೊರಟ ಮರುದಿನ ನೀರು ಹಾಕುವುದು ನನಗೆ ಮರೆತೇಹೋಯಿತು. ಕತ್ತಲಾಗುವಾಗ ನೆನಪಾಗಿ ಓಡಿದೆ. ಹೌದು ತುಂಬಿತ್ತು. ಖಾಲಿ ಕೊಡ ಪಕ್ಕಕ್ಕಿಟ್ಟು ಅವ್ವ ಕಲ್ಲಿನ ಮೇಲೆ ಕೂತಿದ್ದಳು. ಅವಳ ಮುಖದ ಎತ್ತರಕ್ಕೆ ಗಾಜಿನಲ್ಲಿ ಮೂರು ಮೀನು ನಿಂತಿದ್ದವು.

‘ಸುಮ್ನಿರು, ಹೆದರ್ತಾವ’ ಎಂದಳು.