ಓಟದ ದುಡ್ಡು, ಜೋಳಿಗೆಯ ಜೋಳ

ಇವತ್ತಿನ ಮಾತು ಅಮೆರಿಕದ ಒಂದು ಸೈಕಲ್ ರೇಸಿನಿಂದ ಶುರುವಾಗಿ ನಮ್ಮ ಹಲವಾಗಲು, ಹರಪನಹಳ್ಳಿ ಕಡೆಯ ಹಾಸ್ಟೆಲ್ಲುಗಳಿಗೆ ಬರುತ್ತೆ. ಎಲ್ಲಿಂದೆಲ್ಲಿಗೆ ಅನ್ನಬೇಡಿ, ಎರಡೂ ಕಡೆ ಪ್ರಶ್ನೆ ಒಂದೇ: ಬಡ ಹುಡುಗ ಓದಬೇಕು, ದುಡ್ಡು ಯಾರು ಕೊಡ್ತಾರೆ?

1951ರ ಮೇ ತಿಂಗಳು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 'ಲಿಟ್ಲ್ 500' ಅನ್ನೋ ಸೈಕಲ್ ರೇಸ್ ಮೊದಲ ಸಲ ನಡೆಯಿತು. ಕಾಲು ಮೈಲಿಯ ಟ್ರ್ಯಾಕು, 200 ಸುತ್ತು. ಅಂದ್ರೆ 50 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 80 ಕಿಲೋಮೀಟರ್. ಒಂದು ತಂಡಕ್ಕೆ ನಾಲ್ವರು, ಸರದಿ ಮೇಲೆ ತುಳಿಯಬೇಕು. ಸೈಕಲ್ಲಿಗೆ ಒಂದೇ ಗೇರು. ಇದನ್ನು ಹುಟ್ಟುಹಾಕಿದವರು ಹೌಡಿ ವಿಲ್‌ಕಾಕ್ಸ್. ಇವರ ತಂದೆ 1919ರ ಇಂಡಿಯಾನಾಪೊಲಿಸ್ 500 ಕಾರ್ ರೇಸ್ ಗೆದ್ದವರು, ಹೆಸರು ಅಲ್ಲಿಂದಲೇ ಬಂದದ್ದು. ರೇಸಿನಿಂದ ಬಂದ ಹಣ ಹೋಗಿದ್ದು ಕೆಲಸ ಮಾಡಿಕೊಂಡು ಓದುತ್ತಿದ್ದ ವಿದ್ಯಾರ್ಥಿಗಳ ಸ್ಕಾಲರ್‌ಷಿಪ್ಪಿಗೆ.

ಸ್ಪರ್ಧಿಸಿದವರಲ್ಲಿ ಬಹಳ ತಂಡಗಳು ಫ್ರಾಟರ್ನಿಟಿಗಳದ್ದು. ಫ್ರಾಟರ್ನಿಟಿ ಅಂದ್ರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಕಾಲೇಜು ಹುಡುಗರ ಸಂಘ. 1776ರಲ್ಲಿ ಶುರುವಾದ ಫೈ ಬೀಟಾ ಕಪ್ಪಾ ಇವುಗಳ ಮೂಲ. ಸದಸ್ಯರು ಒಂದೇ ಮನೆಯಲ್ಲಿ ವಾಸ ಮಾಡೋದು, ಒಬ್ಬರನ್ನೊಬ್ಬರು ಸಹೋದರ ಅಂತ ಕರೆಯೋದು, ಹೊಸಬರನ್ನು ಆರಿಸಿ ಸೇರಿಸಿಕೊಳ್ಳೋದು ಇಲ್ಲಿಯ ರೂಢಿ. ಹುಡುಗಿಯರ ಸಂಘಕ್ಕೆ 'ಸೊರೊರಿಟಿ' ಅನ್ನೋ ಪದವನ್ನು 1882ರಲ್ಲಿ ಒಬ್ಬ ಲ್ಯಾಟಿನ್ ಮೇಷ್ಟ್ರು ಕೊಟ್ಟರು. ಆದರೆ ಮೊದಲ ಲಿಟ್ಲ್ 500 ಗೆದ್ದದ್ದು ಯಾವ ಫ್ರಾಟರ್ನಿಟಿಯೂ ಅಲ್ಲ, ಸೌತ್ ಹಾಲ್ ಅನ್ನೋ ಹಾಸ್ಟೆಲ್ಲಿನ ಹುಡುಗರು! ನನಗೆ ಈ ವಿಷಯ ಬಹಳ ಇಷ್ಟ.

ಹುಡುಗಿಯರ ಪಾಲಿಗೆ ಏನು ಬಂತು? 1955ರಿಂದ ಸೊರೊರಿಟಿಯವರಿಗೆ 'ಮಿನಿ 500' ಅಂತ ಮೂರು ಚಕ್ರದ ಸೈಕಲ್ ರೇಸ್ ಮಾಡಿದರು. ಹೌದು, ಮಕ್ಕಳು ತುಳಿಯೋ ಟ್ರೈಸಿಕಲ್ಲೇ. ಅವರಿಗೆ ನಿಜವಾದ ಸೈಕಲ್ ರೇಸ್ ಸಿಗೋಕೆ 1988ರವರೆಗೆ ಕಾಯಬೇಕಾಯ್ತು. ಅದೂ 100 ಸುತ್ತು ಮಾತ್ರ, ಗಂಡಸರದರ ಅರ್ಧ.

ಈ ಸಂಘಗಳ ದಾನವನ್ನು ನಾನು ಸುಮ್ಮನೆ ಹೊಗಳಲಾರೆ. ಅವುಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅದಕ್ಕೇ 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಅನ್ನೋ ತಮ್ಮದೇ ಸಂಘ ಕಟ್ಟಿಕೊಂಡರು. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಫ್ರಾಟರ್ನಿಟಿಗಳೇ 1973ರಲ್ಲಿ ಶುರು ಮಾಡಿದ ನೃತ್ಯ ಮ್ಯಾರಥಾನ್ ಕ್ಯಾನ್ಸರ್ ಪೀಡಿತ ಮಕ್ಕಳಿಗೆ ಕೋಟಿಗಟ್ಟಲೆ ಹಣ ಕೂಡಿಸಿದೆ. ಅದೇ ವಿಶ್ವವಿದ್ಯಾಲಯದ ಒಂದು ಫ್ರಾಟರ್ನಿಟಿ ಮನೆಯಲ್ಲಿ 2017ರಲ್ಲಿ, ಹೊಸಬರಿಗೆ ವಿಪರೀತ ಕುಡಿಸಿದ ರಾತ್ರಿ ಬಿದ್ದು ಗಾಯಗೊಂಡ ಒಬ್ಬ ಹುಡುಗ ತೀರಿಕೊಂಡ. ಹಣ ಕೂಡಿಸಿದ ಕೈ, ಹೊಸಬನಿಗೆ ಕುಡಿಸಿದ ಕೈ, ಎರಡೂ ಒಂದೇ ವ್ಯವಸ್ಥೆಯವು.

ಈಗ ನಮ್ಮ ಕಡೆ ಬನ್ನಿ. ಹಲವಾಗಲಿನಂಥ ತುಂಗಭದ್ರೆ ಬದಿಯ ಊರಿಂದ ಹರಪನಹಳ್ಳಿಗೋ ದಾವಣಗೆರೆಗೋ ಓದೋಕೆ ಹೋದ ಹುಡುಗನಿಗೆ ಫ್ರಾಟರ್ನಿಟಿ ಇಲ್ಲ. ಅವನ ಪಾಲಿನ ಬಂಧುಬಳಗ ಅಂದ್ರೆ ಹಾಸ್ಟೆಲ್. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಚಿತ್ರದುರ್ಗದ ಜಯದೇವ ಜಗದ್ಗುರುಗಳು ಊರೂರಿನಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಓದುವ ಹುಡುಗರಿಗೆ ಅನ್ನ ಹಾಕಿದರು. ಅನ್ನ ಎಲ್ಲಿಂದ ಬಂತು? ಜೋಳಿಗೆಯಿಂದ. ರೈತರ ಮನೆಯ ಒಂದು ಸೇರು ಜೋಳ, ಒಂದು ಹಿಡಿ ಅಕ್ಕಿ. ರೇಸೂ ಇಲ್ಲ, ಟಿಕೆಟ್ಟೂ ಇಲ್ಲ. ಹಾಸ್ಟೆಲ್ ಇಲ್ಲದ ಕಡೆ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ.

ಇಲ್ಲಿಯ ದೊಡ್ಡ ವ್ಯತ್ಯಾಸ ಇದು. ಅಮೆರಿಕದ ಫ್ರಾಟರ್ನಿಟಿ ಹುಡುಗ ದಾನ ಕೊಡುವವನು, ನಮ್ಮ ಹಾಸ್ಟೆಲ್ ಹುಡುಗ ದಾನ ಉಂಡವನು. ಹಸಿದು ಓದುವವನಿಗೆ ಪರರಿಗಾಗಿ ಓಡುವ ಪುರಸೊತ್ತು ಎಲ್ಲಿಂದ ಬರಬೇಕು? ಒಂದು ಹೋಲಿಕೆಯೂ ಇದೆ, ಅದನ್ನು ಮುಚ್ಚಿಡಬಾರದು. ನಮ್ಮ ಹಾಸ್ಟೆಲ್ಲುಗಳೂ ಬಹುಪಾಲು ಜಾತಿ, ಮಠದ ಹೆಸರಲ್ಲೇ ಎದ್ದವು. ಕಾರ್ನೆಲ್ಲಿನ ಆ ಹುಡುಗರಿಗೆ ಆದದ್ದೇ ಇಲ್ಲಿ ದಲಿತ ಮಕ್ಕಳಿಗೂ ಆಯ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅವರಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಬೇಕಾಯ್ತು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರ ಹಿಂದುಳಿದ ವರ್ಗಗಳ ಹಾಸ್ಟೆಲ್ಲುಗಳನ್ನು ಹೆಚ್ಚಿಸಿದ ಮೇಲೆ, ಮಠದ ನೆಂಟಸ್ತಿಕೆ ಇಲ್ಲದ ಮನೆಗಳಿಗೂ ಆ ದಾರಿ ಅಗಲವಾಯ್ತು.

ಹಾಗಂತ ನಮ್ಮಲ್ಲಿ ಆಟ ಇರಲಿಲ್ಲವಾ? ಖಂಡಿತ ಇತ್ತು. ಕಬಡ್ಡಿ, ವಾಲಿಬಾಲ್, ಜಾತ್ರೆಯ ಬಯಲು ಕುಸ್ತಿ. ಆದ್ರೆ ಹಣ ಹರಿಯೋ ದಿಕ್ಕು ಉಲ್ಟಾ. ಕಪ್ಪಿಗೆ ಒಬ್ಬ ದಾನಿ, ಟೀ-ಶರ್ಟಿಗೆ ಇನ್ನೊಬ್ಬ ದಾನಿ, ಕರಪತ್ರದಲ್ಲಿ ಇಬ್ಬರ ಹೆಸರೂ ದಪ್ಪಕ್ಷರದಲ್ಲಿ. ಅಂದ್ರೆ ದಾನ ಆಟಕ್ಕೆ ಬರುತ್ತೆ, ಆಟದಿಂದ ದಾನ ಹುಟ್ಟೋದು ಕಡಿಮೆ. ಓಟದಿಂದ ದಾನ ಕೂಡಿಸುವ ಪದ್ಧತಿ ರಾಜ್ಯದಲ್ಲಿ ದೊಡ್ಡದಾಗಿ ಕಂಡದ್ದು 2008ರಲ್ಲಿ, ಬೆಂಗಳೂರಿನ ವರ್ಲ್ಡ್ 10ಕೆ ಓಟದ ಜೊತೆ. ಅಲ್ಲಿ ಹೆಚ್ಚು ಕಾಣೋದು ಕಾಲೇಜು ಬಳಗಗಳಲ್ಲ, ಕಂಪನಿಗಳ ತಂಡಗಳು.

ನಮ್ಮ ಕಾಲೇಜು ಹುಡುಗರು ಕೊಟ್ಟದ್ದು ದುಡ್ಡಲ್ಲ, ರಟ್ಟೆ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯ್ತು. ಎನ್ಎಸ್ಎಸ್ ಅಂದ್ರೆ ಎಲ್ಲರಿಗೂ ಗೊತ್ತು. ಏಳು ದಿನದ ಶಿಬಿರ, ಒಂದು ಹಳ್ಳಿ, ಶಾಲೆಯಲ್ಲೇ ವಾಸ್ತವ್ಯ. ಬೆಳಿಗ್ಗೆ ಗುದ್ದಲಿ, ಬುಟ್ಟಿ ಹಿಡಿದು ಚರಂಡಿ ತೆಗೆಯೋದು, ಗುಂಡಿ ತೋಡಿ ಸಸಿ ನೆಡೋದು. ಸಂಜೆ ಅದೇ ಹುಡುಗರು ಊರ ಹುಡುಗರ ಜೊತೆ ಕಬಡ್ಡಿಗೆ ಇಳೀತಾರೆ. ಅದಕ್ಕೆ ಟಿಕೆಟ್ ಇಲ್ಲ, ಚಂದಾ ಇಲ್ಲ, ಸೋತವರಿಗೂ ಗೆದ್ದವರಿಗೂ ಸಿಗೋದು ಒಂದೇ ಅಡಿಗೆ ಮನೆಯ ಅನ್ನ-ಸಾರು.